ಹಸುಗೂಸು ಬೆಚ್ಚಿದಾಗ ಏನು ನೋಡಬೇಕು, ಎಲ್ಲಿಗೆ ಹೋಗಬೇಕು. ಬೆನ್ನು ಒತ್ತಿಸುವ ಮುನ್ನ ಏನು ಕೇಳಬೇಕು

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಸಾಕು, ತೊಟ್ಟಿಲಲ್ಲಿ ಮಲಗಿದ್ದ ಇಪ್ಪತ್ತು ದಿನದ ಕೂಸು ಎರಡೂ ಕೈಗಳನ್ನು ಅಗಲಿಸಿ, ಬೆರಳು ಬಿಡಿಸಿ, ಮರುಕ್ಷಣವೇ ಯಾರನ್ನೋ ತಬ್ಬಿಕೊಳ್ಳುವಂತೆ ಕೈಗಳನ್ನು ಎದೆಗೆ ಎಳೆದುಕೊಂಡು ಅಳತೊಡಗುತ್ತದೆ. ಕೋಲಾರದ ಕಡೆಯ ಮನೆಗಳಲ್ಲಿ ಇದಕ್ಕೆ ‘ಮಗು ಬೆಚ್ಚುತ್ತೆ’ ಎನ್ನುತ್ತಾರೆ. ತೆಲುಗು ಮನೆಮಾತಿನವರು ‘ಉಲಿಕ್ಕಿಪಡುತೋಂದಿ’ ಎನ್ನುತ್ತಾರೆ. ಮಾತು ಯಾವುದಾದರೂ, ಕಂಡವರೆಲ್ಲ ಒಂದೊಂದು ಉಪಾಯ ಹೇಳಿಯೇ ಹೋಗುತ್ತಾರೆ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ, ಪಕ್ಕದ ಮನೆಯವರು ತಾಯಿತ ಕಟ್ಟಿಸಿ ಎನ್ನುತ್ತಾರೆ, ಇನ್ನೊಬ್ಬರು ಬಾಲಗ್ರಹ ಎಂದು ಹೆದರಿಸುತ್ತಾರೆ. ಈಚಿನ ವರ್ಷಗಳಲ್ಲಿ ಇವರ ಸಾಲಿಗೆ ಮೊಬೈಲ್ ಫೋನ್ ಕೂಡ ಸೇರಿದೆ: ಯಾವುದೋ ದೇಶದ ಕೈರೊಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಒಬ್ಬರು ಕೂಸಿನ ಕತ್ತನ್ನೂ ಬೆನ್ನನ್ನೂ ಮುಟ್ಟಿ, ಒತ್ತಿ, ‘ನರಮಂಡಲ ಸರಿಹೋಯಿತು, ಇನ್ನು ಮಗು ಬೆಚ್ಚುವುದಿಲ್ಲ’ ಎಂದು ಹೇಳುವ ವಿಡಿಯೊಗಳು ಬಾಣಂತಿಯರ ಕೈಗೆ ತಾವಾಗಿಯೇ ಬಂದು ತಲುಪುತ್ತಿವೆ.

ಬಹುಪಾಲು ಕೂಸುಗಳ ಬೆಚ್ಚುವಿಕೆಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಆದರೆ ಬೆಚ್ಚಿದಂತೆ ಕಾಣುವ ಕೆಲವು ಚಲನೆಗಳು ಬೆಚ್ಚುವಿಕೆಯೇ ಅಲ್ಲ. ಅಂಥವುಗಳಲ್ಲಿ ಒಂದೊಂದು ವಾರವೂ ಬೆಲೆಯುಳ್ಳದ್ದು. ಆ ವಾರಗಳು ತಪ್ಪು ಬಾಗಿಲಲ್ಲಿ ಕಳೆದುಹೋಗಬಾರದೆಂಬ ಕಾರಣಕ್ಕೆ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬೆಚ್ಚುವುದೆಂದರೆ ಏನೆಂದು ತಿಳಿಯುವುದು

ಕೂಸಿನ ಈ ಚಲನೆಗೆ ವೈದ್ಯರು ಮೋರೊ ರಿಫ್ಲೆಕ್ಸ್ ಎನ್ನುತ್ತಾರೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಮಕ್ಕಳ ವೈದ್ಯ ಅರ್ನ್‌ಸ್ಟ್ ಮೋರೊ 1918ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿಯಿತು. ಶಾಲೆಯ ವಿಜ್ಞಾನ ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಇದೊಂದು ಪರಾವರ್ತಿತ ಪ್ರತಿಕ್ರಿಯೆ; ಬಿಸಿ ತಪ್ಪಲೆ ಮುಟ್ಟಿದ ಕೈ ಯೋಚಿಸುವ ಮೊದಲೇ ಹಿಂದಕ್ಕೆ ಬರುವಂತೆ, ಇಲ್ಲಿಯೂ ಕೂಸಿನ ಇಚ್ಛೆಗೆ ಕೆಲಸವಿಲ್ಲ. ತಲೆಗೆ ಆಧಾರ ತಪ್ಪಿದಂತಾದಾಗ, ಮಂಚಕ್ಕೆ ಇಳಿಸುವಾಗ ಕೈ ಸಡಿಲವಾದಾಗ, ಜೋರು ಸದ್ದು ಕೇಳಿದಾಗ, ತಣ್ಣನೆಯ ಕೈ ತಗುಲಿದಾಗ ಇದು ಕಾಣಿಸಿಕೊಳ್ಳುತ್ತದೆ.

ಈ ಪ್ರತಿಕ್ರಿಯೆ ಹುಟ್ಟುವುದು ಮಿದುಳು ಕಾಂಡದಲ್ಲಿ, ಅಂದರೆ ಮಿದುಳು ಬೆನ್ನುಹುರಿಯಾಗಿ ಇಳಿಯುವ ಬುಡದಲ್ಲಿ. ಗರ್ಭದ 28ನೇ ವಾರದ ಆಸುಪಾಸಿನಲ್ಲಿ ಕಾಣತೊಡಗಿ, ದಿನ ತುಂಬುವ ಹೊತ್ತಿಗೆ ಅದು ಪೂರ್ಣ ರೂಪ ಪಡೆದಿರುತ್ತದೆ. ಹುಟ್ಟಿದ ಮೇಲೆ ಮಿದುಳಿನ ಹೊರಪದರ ಬಲಿಯುತ್ತಾ, ನರತಂತುಗಳ ಸುತ್ತ ಮೈಲಿನ್ ಎಂಬ ಪೊರೆ ಕೂಡುತ್ತಾ ಬಂದಂತೆ ಮೇಲಿನ ಕೇಂದ್ರಗಳು ಕೆಳಗಿನದನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ 2 ತಿಂಗಳ ನಂತರ ಬೆಚ್ಚುವಿಕೆ ಇಳಿಯುತ್ತಾ ಬಂದು, 4ರಿಂದ 6 ತಿಂಗಳ ಒಳಗೆ ಮರೆಯಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ಅದರ ವಯಸ್ಸಿನಿಂದ ಕಳೆದು ಲೆಕ್ಕ ಹಾಕಬೇಕು. 8 ವಾರ ಮುಂಚೆ ಹುಟ್ಟಿ ಈಗ 6 ತಿಂಗಳಾಗಿರುವ ಮಗುವನ್ನು 4 ತಿಂಗಳ ಮಗುವಿನಂತೆಯೇ ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡವರಾದ ನಾವೂ ಪಟಾಕಿ ಸದ್ದಿಗೆ ಬೆಚ್ಚುತ್ತೇವೆ. ಆದರೆ ನಾವು ಬೆಚ್ಚುವಾಗ ಮೈ ಮುದುಡಿಕೊಳ್ಳುತ್ತದೆ, ಕೂಸಿನ ಕೈಗಳಾದರೋ ಮೊದಲು ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ಮುದುಡುವ ಬೆಚ್ಚುವಿಕೆ ಜೀವನಪೂರ್ತಿ ಇರುವಂಥದ್ದು. ಕೈ ಚಾಚಿ ತಬ್ಬುವ ಬೆಚ್ಚುವಿಕೆ ಮಾತ್ರ ಹೋಗಬೇಕಾದದ್ದು. ಎಂಟು ತಿಂಗಳ ಮಗು ಲಾರಿ ಹಾರನ್ನಿಗೆ ಬೆದರಿ ಅತ್ತರೆ ಅದನ್ನು ‘ಮೋರೊ ಉಳಿದುಕೊಂಡಿದೆ’ ಎಂದು ತಿಳಿಯಬಾರದು. ಈ ವ್ಯತ್ಯಾಸವನ್ನು ಮರೆಮಾಚಿಯೇ ಎಷ್ಟೋ ಜಾಹೀರಾತುಗಳು ತಾಯಂದಿರನ್ನು ಹೆದರಿಸುತ್ತವೆ.

ಎರಡನೆಯ ಹೆಜ್ಜೆ: ನೋಡುವುದು, ಬರೆಯುವುದು, ವಿಡಿಯೊ ಮಾಡುವುದು

ವೈದ್ಯರ ಮುಂದೆ ಕೂತಾಗ ಮಗು ಬೆಚ್ಚುವುದೇ ಇಲ್ಲ. ಇದು ಪ್ರತಿ ತಾಯಿಯ ಅನುಭವ. ಹಾಗಾಗಿ ಮನೆಯಲ್ಲೇ ಸಾಕ್ಷಿ ಸಿದ್ಧಮಾಡಿಕೊಳ್ಳಿ. ಮಗುವಿನ ಬಟ್ಟೆ ಸಡಿಲಿಸಿ, ಕೈಕಾಲು ನಾಲ್ಕೂ ಮುಖವೂ ಕಾಣುವಂತೆ, ಬೆಳಕಿರುವ ಕಡೆ ಎರಡು ನಿಮಿಷದ ವಿಡಿಯೊ ಮಾಡಿ. ಹಾಡು ಹಾಕಬೇಡಿ, ಮನೆಯ ಸದ್ದು ಹಾಗೆಯೇ ಕೇಳಿಸಲಿ, ಏಕೆಂದರೆ ಸದ್ದಿಗೆ ಬೆಚ್ಚಿತೋ ಸದ್ದಿಲ್ಲದೆ ಬೆಚ್ಚಿತೋ ಎಂಬುದು ವೈದ್ಯರಿಗೆ ಮುಖ್ಯ. ಬೆಚ್ಚುತ್ತದೆಯೇ ಎಂದು ಪರೀಕ್ಷಿಸಲು ನೀವೇ ಮಗುವಿನ ತಲೆಯನ್ನು ಕೈಯಿಂದ ಜಾರಿಸಿ ನೋಡುವುದು ಮಾತ್ರ ಬೇಡ; ಅದು ವೈದ್ಯರು ತಲೆಯ ಕೆಳಗೆ ಕೈಯಿಟ್ಟು ಮಾಡುವ ಪರೀಕ್ಷೆ.

ಒಂದು ಹಾಳೆಯಲ್ಲಿ ದಿನ, ಹೊತ್ತು ಹಾಕಿ ಐದು ಸಂಗತಿಗಳನ್ನು ಬರೆದಿಡಿ. ಕಾರಣ ಇತ್ತೇ, ಅಂದರೆ ಸದ್ದು, ಅಲುಗಾಟ, ಬಟ್ಟೆ ಬಿಚ್ಚಿದ್ದು ಇತ್ಯಾದಿ. ಎರಡೂ ಕೈಗಳು ಒಂದೇ ಬಗೆಯಲ್ಲಿ ಎದ್ದವೇ. ಒಂದು ಸಲಕ್ಕೆ ನಿಂತಿತೇ, ಇಲ್ಲವೇ ಒಂದರ ಹಿಂದೆ ಒಂದು ಸಾಲಾಗಿ ಬಂತೇ. ಕೈಯನ್ನು ಮೆಲ್ಲಗೆ ಹಿಡಿದಾಗ ನಿಂತಿತೇ. ಕಣ್ಣುಗಳು ಎಲ್ಲಿ ನೋಡುತ್ತಿದ್ದವು, ಮುಖದ ಬಣ್ಣ ಬದಲಾಯಿತೇ. ಈ ಐದರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಮೂರನೆಯದಕ್ಕೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂರನೆಯ ಹೆಜ್ಜೆ: ಬೆಚ್ಚಿದಂತೆ ಕಾಣುವ ಬೇರೆ ಚಲನೆಗಳನ್ನು ಗುರುತಿಸುವುದು

ಮೊದಲ ವಾರಗಳಲ್ಲಿ ಅಳುವಾಗ ಗಲ್ಲ ನಡುಗುವುದು, ಕೈಕಾಲು ಸಣ್ಣಗೆ ಅದುರುವುದು ಸಾಮಾನ್ಯ. ಅದುರುವ ಕೈಯನ್ನು ಮೃದುವಾಗಿ ಮಡಿಸಿ ಹಿಡಿದರೆ ನಿಲ್ಲುತ್ತದೆ. ಮೂರ್ಛೆಯ ಅದುರಾಟವಾದರೆ ಹಿಡಿದರೂ ನಿಲ್ಲುವುದಿಲ್ಲ, ಕಣ್ಣು ಒಂದು ಕಡೆಗೆ ವಾಲಬಹುದು, ತುಟಿ ನೀಲಿಗಟ್ಟಬಹುದು. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಅಥವಾ ಹುಟ್ಟುವಾಗ ತೂಕ ಕಡಿಮೆ ಇದ್ದರೆ ಅದುರುವಿಕೆಯ ಹಿಂದೆ ರಕ್ತದಲ್ಲಿ ಸಕ್ಕರೆಯೋ ಕ್ಯಾಲ್ಸಿಯಮ್ಮೋ ಇಳಿದಿರುವ ಸಾಧ್ಯತೆ ಇರುವುದರಿಂದ, ಅಂಥ ಕೂಸುಗಳನ್ನು ಅದೇ ದಿನ ತೋರಿಸಬೇಕು.

ನಿದ್ದೆಯಲ್ಲಿ ಮಾತ್ರ ಕೈಕಾಲು ಟಕ್ಕೆಂದು ಎಳೆದುಕೊಂಡು, ಎಬ್ಬಿಸಿದ ಕೂಡಲೇ ನಿಂತುಬಿಡುವ ಚಲನೆಯೂ ಒಂದಿದೆ. ಅದು ನಿರಪಾಯಕಾರಿ, ಕೆಲವು ತಿಂಗಳಲ್ಲಿ ಹೋಗುತ್ತದೆ. ಅದನ್ನು ಬಿಗಿಯಾಗಿ ಹಿಡಿದು ತಡೆಯಲು ಹೋದರೆ ಹೆಚ್ಚಾಗುವುದೇ ಉಂಟು.

ಒಂದೇ ಕೈ ಏಳುತ್ತಿದ್ದು ಇನ್ನೊಂದು ಸೊಂಟದ ಪಕ್ಕದಲ್ಲೇ ಬಿದ್ದಿದ್ದರೆ ಅದು ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಾಗ ಕತ್ತಿನಿಂದ ಕೈಗೆ ಇಳಿಯುವ ನರಗಳ ಕಟ್ಟು ಎಳೆದುಹೋದ ಲಕ್ಷಣವಿರಬಹುದು, ಕೊರಳೆಲುಬು ಮುರಿದಿರಲೂಬಹುದು. ಕೊರಳೆಲುಬು ಕೆಲವೇ ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ನರದ ತೊಂದರೆಗೆ ಫಿಸಿಯೋಥೆರಪಿ ಬೇಕು, ಮತ್ತು 3 ತಿಂಗಳಾದರೂ ಮಗು ಮೊಣಕೈ ಮಡಿಸದಿದ್ದರೆ ಶಸ್ತ್ರಚಿಕಿತ್ಸಾ ತಜ್ಞರು ನೋಡಬೇಕು. ನಮ್ಮ ಕಡೆ ಮೂಳೆ ಎಂದರೆ ಜನರ ಬಾಯಿಗೆ ಮೊದಲು ಬರುವುದು ಗಡಿಯಾಚೆ ಆಂಧ್ರದ ಪುತ್ತೂರಿನ ಮೂಳೆ ಕಟ್ಟು. ಹಸುಗೂಸಿನ ಭುಜಕ್ಕೆ ಬಿದಿರು ಪಟ್ಟಿ ಕಟ್ಟಿಸಿದರೆ ನರ ಕೂಡುವುದಿಲ್ಲ, ಕೈ ಬಿಗಿದುಕೊಳ್ಳುವುದಷ್ಟೇ ಆಗುತ್ತದೆ.

ಇನ್ನು ಮೇಲೆ ಹೇಳಿದ ಮೂರನೆಯ ಸಂಗತಿ, ಸಾಲಾಗಿ ಬರುವ ಬೆಚ್ಚುವಿಕೆ. ಮೂರು ತಿಂಗಳಿಂದ ಒಂದು ವರ್ಷದೊಳಗಿನ ಮಗು, ಅದರಲ್ಲೂ ನಿದ್ದೆಯಿಂದ ಏಳುವ ಹೊತ್ತಿಗೆ, ತಲೆ ಬಾಗಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ಹೊಟ್ಟೆಯ ಬಳಿ ಮಡಿಸಿಕೊಂಡು, ನಮಸ್ಕಾರ ಮಾಡಿದಂತೆ ಒಂದೆರಡು ಸೆಕೆಂಡ್ ಕುಗ್ಗಿ ಬಿಡುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ, ಮತ್ತೆ ಅದೇ. ಹೀಗೆ ಹತ್ತು, ಇಪ್ಪತ್ತು ಸಲ ಆಗಿ, ನಡುವೆ ಅಥವಾ ಕೊನೆಯಲ್ಲಿ ಅಳುತ್ತದೆ. ಇದಕ್ಕೆ ಇನ್‌ಫ್ಯಾಂಟೈಲ್ ಸ್ಪ್ಯಾಸಮ್ ಎಂಬ ಹೆಸರು; ಕೂಸುಗಳಲ್ಲಿ ಕಾಣುವ ಒಂದು ಬಗೆಯ ಮೂರ್ಛೆ ಇದು. ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 1841ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ತಮ್ಮ ಸ್ವಂತ ಮಗನ ಈ ಸ್ಥಿತಿಯನ್ನೇ ಬರೆದು, ಬಲ್ಲವರು ದಾರಿ ತೋರಿಸಿ ಎಂದು ಕೇಳಿದ್ದರು. ಇಂದು ಅದಕ್ಕೆ ಚಿಕಿತ್ಸೆ ಇದೆ: ಇ.ಇ.ಜಿ. (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿ ಖಚಿತಪಡಿಸಿಕೊಂಡು ಎ.ಸಿ.ಟಿ.ಎಚ್. ಚುಚ್ಚುಮದ್ದು, ಪ್ರೆಡ್ನಿಸೊಲೋನ್ ಅಥವಾ ವಿಗಾಬಾಟ್ರಿನ್ ಕೊಡುತ್ತಾರೆ. ಆದರೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಕಲಿಕೆ, ಬೆಳವಣಿಗೆ ಹಿಂದೆ ಬೀಳುವ ಸಂಭವ ಹೆಚ್ಚುತ್ತದೆ.

ನಮ್ಮ ಬಂಧುಗಳ ಮನೆಯೊಂದರಲ್ಲಿ ಐದು ತಿಂಗಳ ಗಂಡುಮಗುವಿಗೆ ಹೀಗಾಯಿತು. ಮೊದಲ ವಾರ ಹೊಟ್ಟೆನೋವೆಂದು ಗ್ರೈಪ್ ವಾಟರ್ ಕುಡಿಸಿದರು, ಎರಡನೆಯ ವಾರ ತಾಯಿತ ಬಂತು, ಅದಾದ ಮೇಲೆ ಯಾರೋ ಹೇಳಿದರೆಂದು ಒಬ್ಬರ ಬಳಿ ಎರಡು ಸಲ ಬೆನ್ನು ಒತ್ತಿಸಿಕೊಂಡು ಬಂದರು. ಐದನೆಯ ವಾರ ಫೋನಿನಲ್ಲಿದ್ದ ವಿಡಿಯೊ ನೋಡಿದ ಮಕ್ಕಳ ವೈದ್ಯರು ಕುರ್ಚಿಯಿಂದ ಎದ್ದೇಬಿಟ್ಟರು. ಅಂದೇ ಬೆಂಗಳೂರಿಗೆ ಕಳುಹಿಸಿದರು. ಬೆನ್ನು ಒತ್ತಿದವರು ಮಗುವಿಗೆ ನೋವು ಮಾಡಿರಲಿಲ್ಲ ನಿಜ. ಆದರೆ ಅವರ ಭರವಸೆಯನ್ನು ನಂಬಿ ಮನೆಯವರು ಕಾದ ದಿನಗಳು ಹೋದವು.

ಇನ್ನೊಂದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಆರು ತಿಂಗಳು ದಾಟಿದ, ಎದೆಹಾಲನ್ನೇ ಹೆಚ್ಚು ನೆಚ್ಚಿದ, ಬಿಳಿಚಿಕೊಂಡ, ಮಂಕಾದ, ಕಲಿತದ್ದನ್ನು ಮರೆಯುತ್ತಿರುವ ಮಗುವಿನ ಕೈ, ತಲೆ ನಡುಗತೊಡಗಿದರೆ ವಿಟಮಿನ್ ಬಿ12 ಕೊರತೆಯನ್ನು ನೆನೆಯಬೇಕು; ತಾಯಿ ಶುದ್ಧ ಸಸ್ಯಾಹಾರಿಯಾಗಿದ್ದು ಹಾಲು ಮೊಸರನ್ನೂ ಕಡಿಮೆ ತಿನ್ನುವವರಾದರೆ ಇದು ಹೆಚ್ಚು.

ನಾಲ್ಕನೆಯ ಹೆಜ್ಜೆ: ಯಾವಾಗ ಹೊರಡಬೇಕೆಂದು ತೀರ್ಮಾನಿಸುವುದು

ಮಗು ಉಸಿರಾಡಲು ಕಷ್ಟಪಡುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ನೆತ್ತಿ ಉಬ್ಬಿದ್ದರೆ, ಹಿಡಿದರೂ ನಿಲ್ಲದ ಅದುರಾಟ ಬಂದರೆ ಕಾಯದೆ 108ಕ್ಕೆ ಕರೆ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೇರೆ ಲಕ್ಷಣ ಇಲ್ಲದಿದ್ದರೂ ಅದೇ ದಿನ ತೋರಿಸಬೇಕು. ಸಾಲಾಗಿ ಕುಗ್ಗುವ ಚಲನೆ ಕಂಡರೂ ಅದೇ ದಿನ. ‘ಸೋಮವಾರ ನೋಡೋಣ’ ಎಂಬ ಮಾತು ಇಲ್ಲಿ ಬೇಡ.

ಒಂದು ಕೈ ಏಳದಿದ್ದರೆ, ಹುಟ್ಟಿದ ಕೂಸು ಎಷ್ಟು ಸದ್ದಾದರೂ ಬೆಚ್ಚುವುದೇ ಇಲ್ಲವೆನಿಸಿದರೆ, ಮೈ ತೀರಾ ಸಡಿಲವಾಗಿ ಅಥವಾ ಮರದಂತೆ ಬಿಗಿಯಾಗಿದ್ದರೆ ಅದೇ ವಾರ ತೋರಿಸಿ. ಬೆಚ್ಚದ ಕೂಸನ್ನು ‘ಎಷ್ಟು ಶಾಂತವಾದ ಮಗು’ ಎಂದು ಹೊಗಳುವವರೇ ಹೆಚ್ಚು. ಕಿವಿ ಕೇಳದಿರುವುದೂ ಕಾರಣವಿರಬಹುದಾದ್ದರಿಂದ ಶ್ರವಣ ಪರೀಕ್ಷೆ ಆಗಿದೆಯೇ ಎಂದು ಕೇಳಿ. 6 ತಿಂಗಳು ತುಂಬಿದ ಮೇಲೂ ಕೈ ಚಾಚಿ ತಬ್ಬುವ ಬೆಚ್ಚುವಿಕೆ ಹಾಗೆಯೇ ಇದ್ದರೆ, ಅದರಲ್ಲೂ ಕತ್ತು ನಿಲ್ಲದೆ, ಮುಷ್ಟಿ ಬಿಚ್ಚದೆ ಇದ್ದರೆ, ಮಿದುಳಿನ ಬೆಳವಣಿಗೆಯ ತಪಾಸಣೆ ಆಗಲೇಬೇಕು. ಮಿದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯ ಆರಂಭದ ಗುರುತುಗಳಲ್ಲಿ ಇದೂ ಒಂದು.

ಐದನೆಯ ಹೆಜ್ಜೆ: ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಎತ್ತಿಕೊಂಡು ಮಲಗಿಸಿದ ಮಗು ಹಾಸಿಗೆ ತಾಗುತ್ತಲೇ ಬೆಚ್ಚಿ ಏಳುತ್ತದೆ ಎಂಬುದೇ ಬಹಳ ತಾಯಂದಿರ ದೂರು. ಇಳಿಸುವ ಕ್ರಮ ಬದಲಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಮಗುವನ್ನು ನಿಮ್ಮ ಎದೆಗೆ ಒತ್ತಿಕೊಂಡೇ ಬಾಗಿ, ಮೊದಲು ಪಾದ, ಆಮೇಲೆ ಕುಂಡಿ, ಬೆನ್ನು, ಕೊನೆಯಲ್ಲಿ ತಲೆ ಹಾಸಿಗೆಗೆ ತಾಗುವಂತೆ ಇಳಿಸಿ; ತಲೆಯ ಕೆಳಗಿನ ಕೈಯನ್ನು ಕೂಡಲೇ ಎಳೆದುಕೊಳ್ಳದೆ, ಇನ್ನೊಂದು ಕೈಯನ್ನು ಎದೆಯ ಮೇಲೆ ಅರ್ಧ ನಿಮಿಷ ಇಟ್ಟಿರಿ.

ತೆಳುವಾದ ಹತ್ತಿ ಬಟ್ಟೆಯಲ್ಲಿ, ಅಮ್ಮನ ಹಳೆಯ ಸೀರೆಯ ತುಂಡಾದರೆ ಇನ್ನೂ ಒಳ್ಳೆಯದು, ಕೈಗಳನ್ನು ಎದೆಯ ಬಳಿ ಮಡಿಸಿ ಸುತ್ತಿದರೆ ಬೆಚ್ಚಿದರೂ ಎಚ್ಚರವಾಗುವುದು ಕಡಿಮೆ. ಸುತ್ತುವಾಗ ಎದೆಯ ಭಾಗದಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಸೊಂಟದ ಕೆಳಗೆ ಕಾಲುಗಳು ಕಪ್ಪೆಯ ಕಾಲಿನಂತೆ ಮಡಿಸಿ ಅಗಲಿಸಲು ಜಾಗವಿರಬೇಕು. ಕಾಲು ನೆಟ್ಟಗಾಗಲಿ ಎಂದು ಬಿಗಿಯಾಗಿ ಕಟ್ಟುವ ಹಳೆಯ ರೂಢಿಯಿಂದ ಸೊಂಟದ ಕೀಲು ತಪ್ಪುವ ಅಪಾಯವಿದೆ. ಸುತ್ತಿದ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು, ಮತ್ತು ಮಗುಚಿಕೊಳ್ಳುವ ಪ್ರಯತ್ನ ಕಂಡ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಬೇಸಿಗೆಯಲ್ಲಿ ಟೊಪ್ಪಿಗೆ, ಸ್ವೆಟರು, ಉಣ್ಣೆ ಶಾಲು ಮೂರನ್ನೂ ಹಾಕಿ ಬಾಗಿಲು ಮುಚ್ಚುವ ಬಾಣಂತಿ ಕೋಣೆಗಳು ಇನ್ನೂ ಇವೆ. ಮೈ ಕಾದ ಮಗು ಹೆಚ್ಚು ಚಡಪಡಿಸುತ್ತದೆ.

ಸೀರೆಯ ಜೋಳಿಗೆಯ ಬಗ್ಗೆ ಅಜ್ಜಿಯರ ಜೊತೆ ಜಗಳ ಬೇಡ, ಆದರೆ ಜೋಳಿಗೆಯಲ್ಲಿ ಗಲ್ಲ ಎದೆಗೆ ಅಂಟುವಂತೆ ಮಗು ಬಾಗಿದರೆ ಉಸಿರಿಗೆ ತೊಂದರೆಯಾಗಬಹುದು. ಎದುರಿಗೆ ದೊಡ್ಡವರಿದ್ದಾಗ ತೂಗಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ವರ್ಗಾಯಿಸುವುದು ಒಳ್ಳೆಯದು. ಎಚ್ಚರವಿದ್ದಾಗ ದಿನಕ್ಕೆ ಹಲವು ಸಲ ಒಂದೆರಡು ನಿಮಿಷ, ನೀವು ಪಕ್ಕದಲ್ಲೇ ಕೂತು, ಬೋರಲು ಮಲಗಿಸಿ. ಅಪ್ಪನ ಎದೆಯ ಮೇಲಾದರೂ ಸರಿ. ಕತ್ತು, ಭುಜ ಬಲವಾಗುವುದು ಇದರಿಂದ. ನರಮಂಡಲದ ಬೆಳವಣಿಗೆಗೆ ಬೇಕಾದದ್ದು ಇಂಥ ಸಾಮಾನ್ಯ ಸಂಗತಿಗಳೇ: ಎದೆಹಾಲು, ಮೈಗೆ ಮೈ ತಾಗಿಸಿ ಹಿಡಿಯುವುದು, ಮಾತಾಡಿಸುವುದು, ನಿದ್ದೆ, ವೈದ್ಯರು ಹೇಳಿದ ವಿಟಮಿನ್ ಡಿ ಹನಿಗಳು.

ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಮೃದುವಾಗಿ ನೀವುವುದು ಮಗುವಿಗೆ ಹಿತವೇ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ತಲೆಯನ್ನು ದುಂಡಗೆ ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು, ಬೆಚ್ಚದಿರಲೆಂದು ಬಜೆ ತೇಯ್ದು ನೆಕ್ಕಿಸುವುದು, ಸಾಂಬ್ರಾಣಿ ಹೊಗೆಯಲ್ಲಿ ಮುಖ ಮುಳುಗಿಸುವುದು ಬೇಡ. ಬಾಲಗ್ರಹವೆಂದು ಹೊಟ್ಟೆಯ ಮೇಲೆ ಬರೆ ಎಳೆಸುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ನಿವಾಳಿಸುವುದರಿಂದ ಮಗುವಿಗೆ ಕೆಡುಕಿಲ್ಲ, ಮನೆಯ ಹಿರಿಯರಿಗೆ ಸಮಾಧಾನವಾಗುತ್ತದೆ. ಅದನ್ನು ಮಾಡಿಯೇ ಆಸ್ಪತ್ರೆಗೆ ಹೊರಡಿ.

ಆರನೆಯ ಹೆಜ್ಜೆ: ಕೈರೊಪ್ರಾಕ್ಟಿಕ್ ಎಂಬುದನ್ನು ಅಳೆದು ನೋಡುವುದು

ಹೆಸರಿನ ಮೊದಲ ಅಕ್ಷರ ನಮ್ಮ ‘ಕೈ’ ಎಂದೇ ಕೇಳಿಸುವುದು ಕಾಕತಾಳೀಯವಾದರೂ ಗ್ರೀಕ್ ಭಾಷೆಯಲ್ಲಿ ಆ ಭಾಗದ ಅರ್ಥವೂ ಕೈ ಎಂದೇ. ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ 1895ರಲ್ಲಿ ಡಿ.ಡಿ. ಪಾಮರ್ ಎಂಬುವರು ಇದನ್ನು ಆರಂಭಿಸಿದರು. ಬೆನ್ನುಮೂಳೆಯ ಮಣಿಗಳು ಸ್ವಲ್ಪ ಸರಿದು ನರಗಳನ್ನು ಅಡ್ಡಿಪಡಿಸುವುದರಿಂದ ರೋಗಗಳು ಬರುತ್ತವೆ, ಕೈಯಿಂದ ಅವನ್ನು ಸರಿಪಡಿಸಬಹುದು ಎಂಬುದು ಅವರ ವಾದ. ಮಣಿ ಹಾಗೆ ಸರಿಯುವುದಕ್ಕೆ ‘ಸಬ್‌ಲಕ್ಸೇಶನ್’ ಎಂದು ಹೆಸರಿಟ್ಟರು. ದೊಡ್ಡವರ ಕೆಳಬೆನ್ನಿನ ನೋವಿಗೆ ಬೆನ್ನು ಹಿಡಿಸುವ ಚಿಕಿತ್ಸೆಯಿಂದ ಒಂದಿಷ್ಟು ಉಪಶಮನ ಸಿಗುವುದಕ್ಕೆ ಅಧ್ಯಯನಗಳ ಬೆಂಬಲವಿದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು.

ಕೂಸುಗಳ ವಿಷಯದಲ್ಲಿ ಅವರಲ್ಲಿ ಕೆಲವರು ಹೇಳುವುದು ಹೀಗೆ: ಹೆರಿಗೆಯಲ್ಲಿ ಕತ್ತಿಗೆ ಎಳೆತ ಬಿದ್ದು ಮಣಿ ಸರಿದಿರುತ್ತದೆ, ಅದರಿಂದ ನರಮಂಡಲ ಸದಾ ಗಾಬರಿಯ ಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಮಗು ಬೆಚ್ಚುತ್ತದೆ, ಕತ್ತು ಸರಿಪಡಿಸಿದರೆ ಮೋರೊ ಹೋಗುತ್ತದೆ. ಕೇಳಲು ತರ್ಕಬದ್ಧವಾಗಿದೆ. ಆದರೆ ಬೆಚ್ಚುವಿಕೆ ಹುಟ್ಟುವುದು ಮಿದುಳು ಕಾಂಡದಲ್ಲಿ, ಅದು ನಿಲ್ಲುವುದು ಮಿದುಳಿನ ಹೊರಪದರ ಬಲಿತು ಮೈಲಿನ್ ಕೂಡಿದಾಗ ಎಂಬುದನ್ನು ಮೇಲೆ ನೋಡಿದೆವು. ಕತ್ತನ್ನು ಒತ್ತುವುದರಿಂದ ಮೈಲಿನ್ ಬೇಗ ಕೂಡುವ ದಾರಿ ಯಾವುದೂ ಇಲ್ಲ. ಬ್ರಿಟನ್ನಿನಲ್ಲಿ ಕೈರೊಪ್ರಾಕ್ಟರ್‌ಗಳನ್ನೇ ನಿಯಂತ್ರಿಸುವ ಮಂಡಳಿ 2010ರಲ್ಲಿ, ಸಬ್‌ಲಕ್ಸೇಶನ್ ಎಂಬುದು ಐತಿಹಾಸಿಕ ಕಲ್ಪನೆ, ಅದು ರೋಗಕ್ಕೆ ಕಾರಣ ಎಂಬುದಕ್ಕೆ ವೈದ್ಯಕೀಯ ಸಂಶೋಧನೆಯ ಆಧಾರವಿಲ್ಲ ಎಂದು ತಾನೇ ತಿಳಿಸಿತು.

ಹಾಗಾದರೆ ‘ಎರಡು ತಿಂಗಳ ಮಗುವಿಗೆ ಆರು ಸಲ ಮಾಡಿಸಿದೆವು, ಬೆಚ್ಚುವುದು ನಿಂತಿತು’ ಎಂದು ಹೇಳುವ ತಾಯಂದಿರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಎರಡು ತಿಂಗಳಲ್ಲಿ ಆರಂಭಿಸಿದ ಯಾವ ಉಪಾಯವಾದರೂ ನಾಲ್ಕು ತಿಂಗಳ ಹೊತ್ತಿಗೆ ಗೆದ್ದಂತೆ ಕಾಣುತ್ತದೆ, ಏಕೆಂದರೆ ಬೆಚ್ಚುವಿಕೆ ಹೋಗುವ ಕಾಲವೇ ಅದು. ತಾಯಿತಕ್ಕೂ ಇದೇ ಕೀರ್ತಿ ಸಿಗುತ್ತದೆ.

ಅಧ್ಯಯನಗಳ ಮಾತಿಗೆ ಬಂದರೆ, ಕೂಸುಗಳ ವಿಷಯದಲ್ಲಿ ಕೈಚಿಕಿತ್ಸೆಯನ್ನು ಹೆಚ್ಚು ಪರೀಕ್ಷಿಸಿರುವುದು ಬಿಡದೆ ಅಳುವ ಕಾಲಿಕ್ ಎಂಬ ತೊಂದರೆಗೆ. ಒಂದೇ ವಿಷಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2012ರ ಅವಲೋಕನದಲ್ಲಿ 6 ಅಧ್ಯಯನಗಳ 325 ಕೂಸುಗಳ ಫಲಿತಾಂಶವನ್ನು ಕೂಡಿಸಿ ನೋಡಿದರು. ಅಳು ಕಡಿಮೆಯಾದಂತೆ ಒಟ್ಟಿನಲ್ಲಿ ಕಂಡರೂ, ಯಾವ ಮಗುವಿಗೆ ಚಿಕಿತ್ಸೆ ಆಯಿತೆಂದು ತಂದೆತಾಯಿಗೆ ತಿಳಿಯದಂತೆ ನಡೆಸಿದ ಅಧ್ಯಯನಗಳನ್ನು ಮಾತ್ರ ತೆಗೆದುಕೊಂಡಾಗ ಆ ಲಾಭ ಉಳಿಯಲಿಲ್ಲ. ಅಪಾಯದ ಬಗ್ಗೆ 2007ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅವಲೋಕನ ಮಕ್ಕಳಲ್ಲಿ ಬೆನ್ನು ತಿರುಚಿದ್ದರಿಂದ ನೇರವಾಗಿ ತೊಂದರೆಯಾದ 14 ಪ್ರಕರಣಗಳನ್ನು ಗುರುತಿಸಿತು. ಅವುಗಳಲ್ಲಿ 9 ಗಂಭೀರ. ಅದೇ ಬರಹದಲ್ಲಿ ಇನ್ನೂ 20 ಪ್ರಕರಣಗಳಿದ್ದವು: ನಿಜವಾದ ಕಾಯಿಲೆ ಬೇರೆಯೇ ಇದ್ದು, ಅದರ ಪತ್ತೆ ತಡವಾದದ್ದು ಅಥವಾ ಮಾಡಬಾರದ ಸ್ಥಿತಿಯಲ್ಲಿ ಬೆನ್ನು ತಿರುಚಿದ್ದು. ನೇರ ಗಾಯಕ್ಕಿಂತ ಈ ಎರಡನೆಯ ಸಾಲೇ ಉದ್ದವಿದೆ ಎಂಬುದನ್ನು ಗಮನಿಸಿ.

ಆಸ್ಟ್ರೇಲಿಯಾದಲ್ಲಿ ಎರಡು ವಾರದ ಕೂಸಿನ ಬೆನ್ನು ಒತ್ತುವ ವಿಡಿಯೊ ಹರಡಿ ಗದ್ದಲವಾದ ಮೇಲೆ, ಅಲ್ಲಿನ ಕೈರೊಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ 2 ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ತಿರುಚಬಾರದೆಂದು ಮಧ್ಯಂತರ ನಿಯಮ ತಂದಿತು. 2023ರಲ್ಲಿ ಅದನ್ನು ಸಡಿಲಿಸಿ, ಆರೋಗ್ಯ ಸಚಿವರ ಆಕ್ಷೇಪದ ನಂತರ 2024ರಲ್ಲಿ ಮತ್ತೆ ಜಾರಿಗೆ ತಂದಿತು. ನಮ್ಮಲ್ಲಿ ಹಾಗೆ ನಿಯಮ ಮಾಡಲು ಕೈರೊಪ್ರಾಕ್ಟಿಕ್‌ಗೆ ಪ್ರತ್ಯೇಕ ಮಂಡಳಿಯೇ ಇಲ್ಲ. ಆಯುಷ್ ಪಟ್ಟಿಯಲ್ಲಿಯೂ ಅದು ಸೇರಿಲ್ಲ.

ಕೂಸಿಗೆ ಬೆರಳ ತುದಿಯಷ್ಟೇ ಒತ್ತಡ, ಟೊಮೆಟೊ ಹಣ್ಣಾಗಿದೆಯೇ ಎಂದು ನೋಡುವಷ್ಟೇ ಎಂದು ಅವರು ಸಮಾಧಾನ ಹೇಳುತ್ತಾರೆ. ಕೋಲಾರದ ಮಂಡಿಯಲ್ಲಿ ಬಾಕ್ಸುಗಟ್ಟಲೆ ಟೊಮೆಟೊ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುವ ಹೋಲಿಕೆ: ಅಷ್ಟು ಒತ್ತಿದರೆ ಹಣ್ಣು ಕೆಡುವುದಿಲ್ಲ, ಕಾಯಿ ಹಣ್ಣಾಗುವುದೂ ಇಲ್ಲ. ಇನ್ನು ಅದಕ್ಕಿಂತ ಹೆಚ್ಚು ಒತ್ತುವ, ಕತ್ತನ್ನು ಥಟ್ಟನೆ ತಿರುಗಿಸುವ ಕೈಗಳಾದರೆ ಮಾತೇ ಬೇರೆ. ಹಸುಗೂಸಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ, ಅದನ್ನು ಹೊರುವ ಕತ್ತಿನ ಸ್ನಾಯುಗಳು ಬಲಿತಿರುವುದಿಲ್ಲ, ಕಟ್ಟುಗಳು ಸಡಿಲ.

ಆದ್ದರಿಂದ ಬೆಚ್ಚುವಿಕೆಗೆಂದು ಕೂಸನ್ನು ಕೈರೊಪ್ರಾಕ್ಟರ್ ಬಳಿ ಒಯ್ಯಬೇಕಿಲ್ಲ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಹಟ ಹಿಡಿದವರಿದ್ದರೆ ಕನಿಷ್ಠ ಈ ಕ್ರಮವನ್ನಾದರೂ ಬಿಡಬೇಡಿ. ಮೊದಲು ಮಕ್ಕಳ ವೈದ್ಯರು ನೋಡಿ, ಕಾಯಿಲೆ ಇಲ್ಲವೆಂದು ಚೀಟಿಯಲ್ಲಿ ಬರೆಯಲಿ. ಒತ್ತುವವರನ್ನು ನೇರವಾಗಿ ಕೇಳಿ: ನಿಮ್ಮ ಓದು ಏನು, ಕ್ಲಿನಿಕ್ಕಿಗೆ ಕೆ.ಪಿ.ಎಂ.ಇ. (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯೇ, ಮಗುವಿನ ಕತ್ತನ್ನು ತಿರುಗಿಸುತ್ತೀರಾ, ಎಕ್ಸ್‌ರೇ ಏಕೆ ಬೇಕು, ಯಾವ ಲಕ್ಷಣ ಕಂಡರೆ ನೀವೇ ನಮ್ಮನ್ನು ಆಸ್ಪತ್ರೆಗೆ ಕಳುಹಿಸುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಎದ್ದು ಬನ್ನಿ. ಹನ್ನೆರಡು ಸಲದ ಪ್ಯಾಕೇಜಿಗೆ ಮುಂಗಡ ಕೇಳುವವರ ಬಳಿಯೂ, ಲಸಿಕೆ ಬೇಡ ಎನ್ನುವವರ ಬಳಿಯೂ ನಿಲ್ಲಬೇಡಿ.

ಏಳನೆಯ ಹೆಜ್ಜೆ: ಎಲ್ಲಿಗೆ, ಏನು ಹಿಡಿದುಕೊಂಡು

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ತೂಕ ಬರೆಸಿ ಕಳುಹಿಸಿಬಿಡದೆ ಅವರಿಗೆ ವಿಡಿಯೊ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಪತ್ತೆಹಚ್ಚಿ ಉಚಿತವಾಗಿ ಮುಂದಿನ ಹಂತಕ್ಕೆ ಕಳುಹಿಸುವ ವ್ಯವಸ್ಥೆ ಇದೆ. ಅದರ ಹೆಸರು ಹೇಳಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯವರಿಗೆ ಮುಂದಿನ ಮೆಟ್ಟಿಲು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಅಥವಾ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯ ಮಕ್ಕಳ ವಿಭಾಗ. ಇ.ಇ.ಜಿ., ಮಕ್ಕಳ ನರರೋಗ ತಜ್ಞರು ಬೇಕೆಂದಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ನಿಮ್ಹಾನ್ಸ್ ಇವೆ. ಹೊರಡುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಲಸಿಕೆ ಬರೆದ ಹಾಳೆ, ಫೋನಿನ ವಿಡಿಯೊ ಇರಲಿ. ಮಗು ಹುಟ್ಟಿದ ಕೂಡಲೇ ಅತ್ತಿತೇ, ಎಷ್ಟು ದಿನ ಎನ್.ಐ.ಸಿ.ಯು.ನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇತ್ತು, ಕಾಮಾಲೆಗೆ ಬೆಳಕಿನಡಿ ಇಟ್ಟಿದ್ದರೇ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಜೊತೆಯಲ್ಲಿ ಹೋಗುವವರು ಇದನ್ನು ಬಲ್ಲವರಾಗಿರಲಿ.

ಬೆಳವಣಿಗೆಯಲ್ಲಿ ನಿಜವಾಗಿ ಹಿಂದುಳಿದಿದೆ ಎಂದು ಕಂಡರೆ ಮಾಡುವುದು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಕಾರಣಕ್ಕೆ ತಕ್ಕ ಔಷಧ. ಮಗುವನ್ನು ಹೇಗೆ ಹಿಡಿಯಬೇಕು, ಹೇಗೆ ಕೂರಿಸಬೇಕು, ಯಾವ ಆಟ ಆಡಿಸಬೇಕು ಎಂದು ಅಮ್ಮನಿಗೇ ಕಲಿಸಿ ಕಳುಹಿಸುತ್ತಾರೆ. ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಲ್ಲ ಇದು, ತಿಂಗಳುಗಟ್ಟಲೆ ಮನೆಯಲ್ಲೇ ನಡೆಯುವ ಕೆಲಸ. ಅದಕ್ಕೇ ವಿಡಿಯೊದಲ್ಲಿ ಚೆಂದ ಕಾಣುವುದಿಲ್ಲ.

ಐದು ಸಂಗತಿ ಬರೆದ ಹಾಳೆಯ ಹಿಂಬದಿಯಲ್ಲಿ ಇನ್ನು ನಾಲ್ಕು ಸಾಲು ಸೇರಿಸಿ: 2 ತಿಂಗಳಿಗೆ ಮುಖ ನೋಡಿ ನಗುತ್ತದೆಯೇ, 4 ತಿಂಗಳಿಗೆ ಕತ್ತು ನಿಂತಿದೆಯೇ, 6 ತಿಂಗಳಿಗೆ ಮಗುಚಿಕೊಳ್ಳುತ್ತದೆಯೇ, 9 ತಿಂಗಳಿಗೆ ಆಧಾರವಿಲ್ಲದೆ ಕೂರುತ್ತದೆಯೇ. ಹಾಳೆಯನ್ನು ತಾಯಿ ಕಾರ್ಡಿನೊಳಗೇ ಮಡಿಸಿಡಿ. 6, 10 ಮತ್ತು 14ನೇ ವಾರದ ಲಸಿಕೆಗೆ ಹೇಗೂ ಹೋಗುತ್ತೀರಿ. ಮೂರೂ ಸಲ ಅದನ್ನು ತೆಗೆದು ತೋರಿಸಿದರೆ, ಬೆಚ್ಚುವಿಕೆ ಎಷ್ಟು ಇಳಿದಿದೆ ಎಂಬುದು ಮೂರನೆಯ ಸಲಕ್ಕೆ ಹಾಳೆಯಲ್ಲೇ ಕಾಣುತ್ತದೆ.